ಅಪಾರ್ಟ್‌ಮೆಂಟಿನ ಖೋಲಿಗೆ ಹಿಂದೂಸ್ತಾನಿ ಕೇಳೋ ಸ್ಪೀಕರ್ ಆರಿಸೋದು ಹೆಂಗ

ಮೊದಲ ಒಂದು ಟೇಪು ತಗೊಂಡು ಖೋಲಿ ಅಳೀರಿ, ಸ್ಪೀಕರಿನ ಮಾತು ಆಮ್ಯಾಲ. ಹಿಂಗಂದ್ರ ಭಾಳ ಮಂದಿಗೆ ಸೇರಂಗಿಲ್ಲ, ಯಾವ ಕಂಪನಿ ಯಾವ ಮಾಡೆಲ್ ಎಷ್ಟು ವ್ಯಾಟು ಅಷ್ಟ ಹೇಳ್ರಿ ಅಂತಾರ. ಆದ್ರ ರಾಯಚೂರಾಗ ಬಳ್ಳಾರ್ಯಾಗ ಕೊಪ್ಪಳದಾಗ ಈಗ ಕಟ್ಟೋ ಫ್ಲ್ಯಾಟ್ ಅಂದ್ರ ಕೆಳಗ ವಿಟ್ರಿಫೈಡ್ ಟೈಲ್ಸು, ಮ್ಯಾಲ ಆರ್‌ಸಿಸಿ ಛತ್ತು, ನಾಕೂ ಕಡೆ ಪುಟ್ಟಿ ಹಚ್ಚಿ ನುಣ್ಣಗ ಮಾಡಿದ ಗ್ವಾಡಿ, ಒಂದು ಕಡೆ ಸ್ಲೈಡಿಂಗ್ ಗ್ಲಾಸು. ಇಂಥಾದ್ರಾಗ ಲಕ್ಷ ರೂಪಾಯಿ ಸ್ಪೀಕರ್ ಇಟ್ರೂ ಭೀಮಸೇನ ಜೋಶಿಯವ್ರು ನಿಮ್ಮ ಬಾತ್‌ರೂಮಿನ್ಯಾಗ ನಿಂತು ಹಾಡಿದಂಗ ಕೇಳ್ತೈತಿ. ಅದ ಖೋಲಿ ಒಂದೀಟು ಹದ ಮಾಡಿಕೊಂಡ್ರ ಇಪ್ಪತ್ತು-ಮೂವತ್ತು ಸಾವಿರದ ಸಣ್ಣ ಜೋಡಿನೂ ಕಣ್ಣಾಗ ನೀರು ತರಸ್ತೈತಿ.

ಅಳತಿ ಯಾಕ ಬೇಕಂದ್ರ, ಪ್ರತಿ ಖೋಲಿಗೂ ತನ್ನವ ಒಂದೆರಡು ಸುರ ಇರ್ತಾವ. ಎದುರುಬದುರು ಗ್ವಾಡಿ ನಡುವಿನ ಗಾಳಿ ಆ ಸುರ ಬಂದಾಗಷ್ಟ ಎದ್ದು ಕುಂದರ್ತೈತಿ. ಲೆಕ್ಕ ಸರಳ ಐತಿ, 565ನ್ನ ಗ್ವಾಡಿಯಿಂದ ಗ್ವಾಡಿಗೆ ಎಷ್ಟು ಅಡಿ ಐತಿ ಅಷ್ಟರಿಂದ ಭಾಗಿಸ್ರಿ, ಬಂದದ್ದು ಹರ್ಟ್ಜ್, ಅಂದ್ರ ಸೆಕೆಂಡಿಗೆ ಎಷ್ಟು ಕಂಪನ ಅನ್ನೋದು. 12 ಅಡಿ ಉದ್ದಕ್ಕ 47, 10 ಅಡಿ ಅಗಲಕ್ಕ 56.5, ಅವುಗಳ ದುಪ್ಪಟ್ಟು 94 ಮತ್ತ 113 ಕೂಡ ಬರ್ತಾವ. ತಬಲಾದ ಡಗ್ಗಾ, ಅಂದ್ರ ಎಡಗೈಲೆ ಬಾರಸೋದು, ನುಡಿಯೋದೂ ಸುಮಾರು 80ರಿಂದ 120 ಹರ್ಟ್ಜ್ ನಡುವನ, ಅಂದ್ರ ನಿಮ್ಮ ಮಲಗೋ ಖೋಲಿ ಕರೆಕ್ಟಾಗಿ ಡಗ್ಗಾದ ಮ್ಯಾಲ ಕಣ್ಣಿಟ್ಟು ಕೂತಿರ್ತೈತಿ. ತಬಲಜಿ ಸಣ್ಣಗ ಒತ್ತಿ ಸುರ ಜಾರಿಸಿ ಮೀಂಡ್ ತಗದಿದ್ದು ಎಲ್ಲಾ ಒಂದ ಗುಂಯ್ ಅನ್ನೋದ್ರಾಗ ಮುಳುಗಿ ಹೋಗ್ತೈತಿ. ಛತ್ತಿನ ಎತ್ತರಾನೂ 10 ಅಡಿ, ಅಗಲಾನೂ 10 ಅಡಿ ಇದ್ರಂತೂ ಎರಡೂ ಒಂದ ಸುರಕ್ಕ ಸೇರಿಕೊಂಡು ಇನ್ನಾ ಜೋರು ಮಾಡ್ತಾವ. ಹಂಗಾಗಿ ಮನ್ಯಾಗ ಎರಡು ಮೂರು ಖೋಲಿ ಇದ್ರ ಉದ್ದ ಅಗಲ ಎತ್ತರ ಮೂರೂ ಬ್ಯಾರೆ ಬ್ಯಾರೆ ಇರೋದನ್ನ ಆರಿಸ್ಕೋರಿ. ಚೌಕ ಖೋಲಿ ಹುಡುಗರ ಓದಾಕ ಬಿಡ್ರಿ.

ಲೆಕ್ಕ ಬ್ಯಾಡ ಅನ್ನೋರಿಗೆ ಇನ್ನೊಂದು ದಾರಿ ಐತಿ, ತಂಬೂರಿ. ಫೋನಿನ್ಯಾಗ ತಂಬೂರಿ ಆ್ಯಪ್ ಹಾಕಿ, ಇಲ್ಲಾ ಎಲೆಕ್ಟ್ರಾನಿಕ್ ತಂಬೂರಿ ಇದ್ರ ಅದನ್ನ, ಯಾವುದರ ಒಂದು ಸುಮಾರಾದ ಸ್ಪೀಕರಿಗೆ ಜೋಡಿಸಿ, ಕರಿ ಒಂದಕ್ಕ (ಹಾರ್ಮೋನಿಯಂದ ಮೊದಲ ಕರಿ ಮನಿಯ ಸುರಕ್ಕ) ಹಚ್ಚಿ ಬಿಡ್ರಿ. ಆಮ್ಯಾಲ ಖೋಲಿ ತುಂಬ ಸಾವಕಾಶ ಅಡ್ಡಾಡ್ರಿ. ಒಂದು ಕಡೆ ಖರಜ, ಅಂದ್ರ ಎಲ್ಲಕ್ಕೂ ಕೆಳಗಿನ ಸುರದ ತಂತಿ, ಹೊಟ್ಟಿಗೆ ಬಡಿಯೋವಷ್ಟು ತುಂಬಿಕೊಂತೈತಿ, ಎರಡು ಹೆಜ್ಜಿ ಮುಂದ ಹೋದ್ರ ಪೂರಾ ಮಾಯ, ಬರೇ ತಂತಿ ಕುದರಿಗೆ ತಾಗಿ ಏಳೋ ಜವಾರಿಯ ಝೇಂಕಾರ ಉಳೀತೈತಿ. ಮೂಲ್ಯಾಗ ನಿಂತ್ರ ಎಲ್ಲಾ ಜಾಸ್ತಿ. ಎಲ್ಲಿ ನಾಕೂ ತಂತಿ ಒಂದ ತೂಕದಾಗ ಕೇಳ್ತಾವೋ ಅಲ್ಲಿ ನೆಲಕ್ಕ ಚಾಕ್‌ಪೀಸಿನಿಂದ ಗೆರಿ ಹೊಡೀರಿ, ನಿಮ್ಮ ಕುರ್ಚಿ ಅಲ್ಲೇ. ಇದಕ್ಕ ಹತ್ತು ನಿಮಿಷ ಸಾಕು, ರೊಕ್ಕ ಏನೂ ಹತ್ತಂಗಿಲ್ಲ, ಆದ್ರೂ ಯಾರೂ ಮಾಡಂಗಿಲ್ಲ ನೋಡ್ರಿ.

12ಕ್ಕ 10ರ ಖೋಲಿ ಅಂತ ಹಿಡಕೊಂಡು ಜಾಗ ಹೇಳ್ತೀನಿ. ಸ್ಪೀಕರ್ ಎರಡೂ 10 ಅಡಿ ಗ್ವಾಡಿ ಕಡೆ, ಅವುಗಳ ಮುಖ ಹಿಂದಿನ ಗ್ವಾಡಿಯಿಂದ 3 ಅಡಿ ಮುಂದ ಬರಬೇಕು. ನೀವು ಕೂಡೋ ಜಾಗ ನಿಮ್ಮ ಬೆನ್ನ ಹಿಂದಿನ ಗ್ವಾಡಿಯಿಂದ 3 ಅಡಿ. ಈ ಮೂರಡಿ ಅನ್ನೋದು ಉದ್ದದ ಕಾಲು ಭಾಗ, ಅಲ್ಲಿ ಆ 94 ಹರ್ಟ್ಜಿನ ಗದ್ದಲ ಏಳಂಗೇ ಇಲ್ಲ, ಸ್ಪೀಕರೂ ಅದನ್ನ ಕೆಣಕಂಗಿಲ್ಲ ನಿಮ್ಮ ಕಿವಿಗೂ ಬೀಳಂಗಿಲ್ಲ. ಖೋಲಿ ನಟ್ಟನಡುವ ಕೂತ್ರ ಅದ 94 ಪೂರಾ ಜೋರಿಲೆ ಬರ್ತೈತಿ, ಬೆನ್ನು ಗ್ವಾಡಿಗೆ ಹಚ್ಚಿ ಕೂತ್ರ ಎಲ್ಲಾ ಬೇಸೂ ಉಬ್ಬಿ ಬರ್ತೈತಿ. ಎರಡು ಸ್ಪೀಕರಿನ ನಡುವ ಐದೂವರಿ ಅಡಿ, ನಿಮ್ಮಿಂದ ಅವಕ್ಕ ಆರೂವರಿ ಅಡಿ ಹತ್ರ ಬಂದ್ರ ತ್ರಿಕೋನ ಸರಿಯಾತು.

ಇಲ್ಲೊಂದು ಸೂಕ್ಷ್ಮ ಐತಿ. ಭಾಳ ಮಂದಿ ಸ್ಪೀಕರಿನ ಮುಖ ಗ್ವಾಡಿಯಿಂದ ಎರಡಡಿ ಬರೋ ಹಂಗ ಇಡ್ತಾರ, ನೋಡಾಕ ಚಂದ ಕಾಣ್ತೈತಿ, ಓಡಾಡಾಕೂ ಜಾಗ ಆಗ್ತೈತಿ. ಆದ್ರ ಗ್ವಾಡಿಗೆ ಬಡದು ತಿರುಗಿ ಬಂದ ದನಿ ಮುಂದಿನ ದನಿಗೆ ಅಡ್ಡ ಬಂದು ಒಂದು ಸುರ ಕಡಿಮಿ ಮಾಡ್ತೈತಿ, ಯಾವ ಸುರ ಅಂದ್ರ 282ನ್ನ ಆ ಅಡಿಯಿಂದ ಭಾಗಿಸ್ರಿ. ಎರಡಡಿಗೆ 141. ಕರಿ ಒಂದರ ಷಡ್ಜ 138.6 ಹರ್ಟ್ಜ್. ಅಂದ್ರ ಖ್ಯಾಲ್ ಹಾಡೋ ಗಂಡಸರಾಗ ಭಾಳ ಮಂದಿ ಹಿಡಿಯೋ ಸಾ ಏನೈತಿ, ನೀವು ಕರೆಕ್ಟ್ ಅದನ್ನ ತಿಂದು ಹಾಕೋ ಜಾಗಕ್ಕ ಸ್ಪೀಕರ್ ಇಟ್ಟಂಗಾತು. ಗವಾಯಿ ಪ್ರತಿ ಸಲ ಸಾಕ್ಕ ಬಂದು ನಿಂತಾಗ ಏನೋ ಖಾಲಿ ಖಾಲಿ ಅನಸ್ತೈತಿ, ನಾವು ರೆಕಾರ್ಡಿಂಗ್ ಸರಿ ಇಲ್ಲ ಅಂತೀವಿ. ಹಿಂದಿನ ಗ್ವಾಡಿಗೆ ಎಷ್ಟು ಬಿಟ್ಟೀರಿ ಬಾಜೂ ಗ್ವಾಡಿಗೂ ಅಷ್ಟ ಬಿಡಬ್ಯಾಡ್ರಿ, ಎರಡೂ ತಗ್ಗು ಒಂದ ಕಡೆ ಬೀಳ್ತಾವ. ಮೂರಡಿ ಬಿಡಾಕ ಮನ್ಯಾಗ ಒಪ್ಪಂಗಿಲ್ಲ ಅಂದ್ರ ಬ್ಯಾರೆ ಥರದ ಸ್ಪೀಕರ್ ತಗೋಬೇಕಾಗ್ತೈತಿ, ಅದು ಮುಂದ ಬರ್ತೈತಿ.

ಟೈಲ್ಸಿನ ಸದ್ದಿಗೆ ನಮ್ಮ ಕಡೆ ಮದ್ದು ಮನ್ಯಾಗ ಐತಿ. ಖೋಲಿ ನಡುವ ನಿಂತು ಒಂದು ಚಪ್ಪಾಳಿ ಹೊಡೀರಿ, ಟರ್ರ್ ಅಂತ ಬಾಲ ಹಿಡದು ಬಂತಂದ್ರ ಎದುರುಬದುರು ಗ್ವಾಡಿ ಬರೇ ಮೈಲೆ ನಿಂತಾವ ಅಂತ ಅರ್ಥ. ಅಟ್ಟದ ಮ್ಯಾಲ ಕಟ್ಟಿ ಇಟ್ಟ ಅಮ್ಮನ ಕೌದಿ ಇಳಿಸಿ, ಬಾಜೂ ಗ್ವಾಡಿಗೆ ಎರಡು ಇಂಚು ಸಂದು ಬಿಟ್ಟು ಬಡಿಗಿಗೆ ಕಟ್ಟಿ ತೂಗಹಾಕ್ರಿ, ನಾಕೈದು ಪದರ ಹಳೇ ಸೀರಿ ಹೊಲದಿದ್ದು ಭಾಳ ಚಲೋ ಕೆಲಸ ಮಾಡ್ತೈತಿ, ಅಂಗಡ್ಯಾಗಿನ ತೆಳ್ಳನ ಫೋಮ್ ತುಂಡಿಗಿಂತ ಹೆಚ್ಚು. ಜಾಗ ಯಾವುದು ಅಂತ ಗೊತ್ತಾಗಬೇಕಂದ್ರ ನೀವು ಕುರ್ಚ್ಯಾಗ ಕೂಡ್ರಿ, ಮತ್ತೊಬ್ಬರು ಗ್ವಾಡಿಗುಂಟ ಕನ್ನಡಿ ಸರಿಸಿಕೊಂತ ಹೋಗಲಿ, ಸ್ಪೀಕರ್ ಕನ್ನಡ್ಯಾಗ ಕಂಡಲ್ಲಿ ಕೌದಿ. ನೆಲಕ್ಕ ನಿಮ್ಮ ಮುಂದ ದಪ್ಪನ ಜಮಖಾನಿ. ಹಿಂದಿನ ಗ್ವಾಡಿಗೆ ಪುಸ್ತಕದ ಕಪಾಟು ಇದ್ರ ಸಾಕು. ಕಬ್ಬಿಣದ ಅಲ್ಮಾರಿ ಮಾತ್ರ ಆ ಖೋಲ್ಯಾಗಿಂದ ತಗೀರಿ, ಡಗ್ಗಾ ಬಿದ್ದಾಗೊಮ್ಮೆ ಅದರ ಬಾಗಿಲಾನೂ ಸಾಥ್ ಕೊಡ್ತೈತಿ. ಇವ್ಯಾವೂ ಬೇಸ್ ಗುಂಯ್ ಅನ್ನೋದನ್ನ ನಿಲ್ಲಸಂಗಿಲ್ಲ ಅಂತ ನೆನಪಿರಲಿ, ಕೌದಿ ತಡಿಯೋದು ಮ್ಯಾಲಿನ ಸುರಗಳ ಚೀರಾಟ ಅಷ್ಟ, ಬೇಸಿಗೆ ಜಾಗ ಬದಲಿ ಮಾಡೋದ ದಾರಿ.

ಈಗ ಸ್ಪೀಕರ್. ಐದರಿಂದ ಆರೂವರಿ ಇಂಚಿನ ವೂಫರ್ (ಕೆಳಗಿನ ಸುರದ್ದು) ಮತ್ತ ಒಂದು ಟ್ವೀಟರ್ (ಮ್ಯಾಲಿನ ಸುರದ್ದು) ಇರೋ ಟೂ-ವೇ ಬುಕ್‌ಶೆಲ್ಫ್, ಅಂದ್ರ ಸಣ್ಣ ಪೆಟ್ಟಿಗಿ, ಇಷ್ಟ. ಮಾರು ಎತ್ತರದ ಟವರ್ ಬ್ಯಾಡ, ಸಬ್‌ವೂಫರ್ ಅಂತೂ ಬ್ಯಾಡೇ ಬ್ಯಾಡ. ಪಿಯಾನೋದ ಕೆಳಗಿನ ಸುರ 27.5 ಹರ್ಟ್ಜ್ ತನ ಇಳೀತೈತಿ, ಚರ್ಚಿನ ದೊಡ್ಡ ಆರ್ಗನ್ 16ಕ್ಕ ಹೋಗ್ತೈತಿ, ಅದನ್ನ ಕೇಳೋರಿಗೆ ದೊಡ್ಡ ಪೆಟ್ಟಿಗಿ ಬೇಕು. ನಮ್ಮದ್ರಾಗ ಗಂಡಸರ ತಂಬೂರಿಯ ಖರಜ ಸುಮಾರು 69, ಸಿತಾರದ ಖರಜಾನೂ ಅಲ್ಲೇ ಎಲ್ಲೋ. ಕೆಟಲಾಗಿನ್ಯಾಗ 55 ಹರ್ಟ್ಜ್, ಪ್ಲಸ್ ಮೈನಸ್ 3 ಡೆಸಿಬಲ್ (ಅಲ್ಲಿ ತನ ಸೌಂಡ್ 3 ಡೆಸಿಬಲ್‌ಗಿಂತ ಹೆಚ್ಚು ಏರಿಳಿಯಂಗಿಲ್ಲ) ಅಂತ ಬರದಿದ್ರ ಮುಗೀತು, ಆ ಪ್ಲಸ್ ಮೈನಸ್ ಬರೀದೆ ಬರೇ 40 ಹರ್ಟ್ಜ್ ಅಂತ ಹಾಕಿದ್ರ ನಂಬಬ್ಯಾಡ್ರಿ. ಇನ್ನೊಂದು ಏನಂದ್ರ ತಂಬೂರಿಯ ಖರಜದಾಗ ಮೂಲ ಸುರ ಅಷ್ಟಕ್ಕಷ್ಟ ಇರ್ತೈತಿ, ಅದರಿಂದ ತಾವ ಹುಟ್ಟೋ ಮ್ಯಾಲಿನ ಸ್ವಯಂಭೂ ಸುರಗಳ ಜೋರು, ಅವು ಕೇಳಿದ್ರ ಸಾಕು ಕಿವಿ ತಳದ ಸುರಾನ ತಾನ ತುಂಬಿಕೊಂತೈತಿ. ಅದಕ್ಕ ಸಣ್ಣ ಸ್ಪೀಕರಿನ್ಯಾಗೂ ತಂಬೂರಿ ತಂಬೂರಿನ ಅನಸ್ತೈತಿ.

ಧ್ವನಿಗೆ ಸಣ್ಣ ಪೆಟ್ಟಿಗಿನ ಚಲೋ ಅನ್ನೋದು ಹೊಸಾ ಮಾತೇನಲ್ಲ. 1970ರ ದಶಕದಾಗ ಬಿಬಿಸಿಯವ್ರು ಹೊರಾಂಗಣ ಪ್ರಸಾರದ ವ್ಯಾನಿನ್ಯಾಗ ಇಡಾಕಂತ ಎಲ್‌ಎಸ್ 3/5ಎ ಅನ್ನೋ ಸ್ಪೀಕರನ್ನ ಮಾಡಿದ್ರು, ಒಂದಡಿ ಎತ್ತರದ್ದು, ಮನಷ್ಯಾನ ದನಿ ಇದ್ದದ್ದು ಇದ್ದಂಗ ಕೇಳಬೇಕು ಅನ್ನೋದ ಅದರ ಕೆಲಸ. ಇವತ್ತಿಗೂ ಅದನ್ನ ಮಾಡ್ತಾರ, ಕೊಳ್ತಾರ. ರೇಟು ಜಾಸ್ತಿ, ಆದ್ರ ಆ ವಿಚಾರ ಕಡಿಮಿ ರೊಕ್ಕದ್ದಕ್ಕೂ ಹೊಂದ್ತೈತಿ. ಖ್ಯಾಲ್ ಇರಲಿ, ವಚನ ಇರಲಿ, ದಾಸರ ಪದ ಇರಲಿ, ನಾವು ಕೇಳೋದು ಮೊದಲ ಧ್ವನಿ, ಉಳದದ್ದು ಆಮ್ಯಾಲ. ರಾಯಚೂರು ಸೀಮಿಯ ಸಿದ್ಧರಾಮ ಜಂಬಲದಿನ್ನಿಯವ್ರ ವಚನ ಕೇಳಾಕ ನೆಲ ನಡುಗೋ ಬೇಸ್ ಯಾಕ ಬೇಕು ಹೇಳ್ರಿ.

ಪೆಟ್ಟಿಗಿ ಹಿಂದ ತೂತು ಇದ್ದದ್ದಕ್ಕ ರಿಯರ್ ಪೋರ್ಟ್ ಅಂತಾರ, ಅದನ್ನ ಗ್ವಾಡಿಗೆ ಹಚ್ಚಿ ಇಟ್ರ ಡಗ್ಗಾ ಊದಿಕೊಂತೈತಿ. ಮೂರಡಿ ಬಿಡಾಕ ಆಗದವ್ರು ಮುಂದ ಪೋರ್ಟ್ ಇರೋದು, ಇಲ್ಲಾ ಪೂರಾ ಮುಚ್ಚಿದ ಪೆಟ್ಟಿಗಿ ನೋಡ್ರಿ. ಮುಚ್ಚಿದ ಪೆಟ್ಟಿಗ್ಯಾಗ ಬೇಸ್ ಸಾವಕಾಶ ಇಳೀತೈತಿ, ಪೋರ್ಟಿಂದು ಒಂದು ಮಟ್ಟದ ಕೆಳಗ ಧಡಕ್ಕನ ಬೀಳ್ತೈತಿ, ಹಂಗಾಗಿ ಮುಚ್ಚಿದ್ದಕ್ಕ ಗ್ವಾಡಿಯ ಸಹಾಯ ಸಿಕ್ಕು ಲೆಕ್ಕ ಸರಿ ಹೋಗ್ತೈತಿ. ಕೆಲವು ಕಂಪನಿಯವ್ರು ಪೋರ್ಟಿಗೆ ತುರುಕಾಕ ಫೋಮಿನ ಬಿರಡಿ ಕೊಟ್ಟಿರ್ತಾರ, ಬಿಸಾಕಬ್ಯಾಡ್ರಿ. ಟ್ವೀಟರ್ ನಮ್ಮ ಟೈಲ್ಸ್ ಖೋಲಿಗೆ ಬಟ್ಟಿಯದ್ದು, ಸಾಫ್ಟ್ ಡೋಮ್ ಅಂತಾರಲ್ಲ ಅದು, ನನಗ ಹೆಚ್ಚು ಸೇರ್ತೈತಿ. ಲೋಹದ ಡೋಮ್ ಕೆಟ್ಟದ್ದಂತಲ್ಲ, ಕೆಫ್ ಕಂಪನಿಯವ್ರು ವೂಫರಿನ ನಟ್ಟನಡುವ ಟ್ವೀಟರ್ ಕೂಡಸಿ ಭಾಳ ಚಲೋ ಮಾಡ್ತಾರ, ಅಷ್ಟಾದ್ರೂ ಕಡಿಮಿ ರೇಟಿನ ಲೋಹದ ಟ್ವೀಟರು ಬರೇ ಖೋಲ್ಯಾಗ ಹಾರ್ಮೋನಿಯಂ ಪೆಟ್ಟಿಗಿಯನ್ನ ಪೀಪಿ ಮಾಡಿ ಬಿಡ್ತಾವ. ವಾರ್ಫ್‌ಡೇಲಿನ ಡೈಮಂಡ್ ಸಾಲು, ಎಲ್ಯಾಕ್ ಡೆಬ್ಯೂ, ಕ್ಯೂ ಅಕೂಸ್ಟಿಕ್ಸಿನ ಸಣ್ಣವು, ಇಷ್ಟರಾಗ ಮೊದಲ ಕೇಳ್ರಿ. ನಮ್ಮ ದೇಶದ್ದ ಬೇಕಂದ್ರ ಕೋಲ್ಕತ್ತದ ಸೋನೋಡೈನ್ ಐತಿ. ಅಂಗಡ್ಯಾಗ ಹೋಂ ಥಿಯೇಟರ್ ಡಬ್ಬಿ ಮ್ಯಾಲ ಪಿಎಂಪಿಒ (ಕ್ಷಣಮಾತ್ರದ ಪೀಕ್ ಲೆಕ್ಕ) ಅಂತ ಸಾವಿರಗಟ್ಟಲೆ ವ್ಯಾಟ್ ಬರದಿರ್ತಾರಲ್ಲ, ಅದನ್ನ ಓದಿ ನಕ್ಕು ಮುಂದ ಹೋಗ್ರಿ.

ಕೇಳದೆ ತರಬ್ಯಾಡ್ರಿ. ನಮ್ಮೂರಾಗ ಕುಂದರಿಸಿ ಕೇಳಿಸೋ ಅಂಗಡಿ ಸಿಗೋದು ಕಷ್ಟ, ರಾಯಚೂರಿನವ್ರಿಗೆ ಹೈದರಾಬಾದ್ ಹತ್ರ, ಬಳ್ಳಾರಿಯವ್ರು ಬೆಂಗಳೂರಿಗೆ ಹೋಗ್ತಾರ, ಯಾವುದಕ್ಕರ ಒಂದು ದಿನ ಇಟ್ಕೋರಿ. ಪೆನ್‌ಡ್ರೈವಿನ್ಯಾಗ ನಿಮ್ಮ ಹಾಡು ಒಯ್ರಿ, ಯಾಕಂದ್ರ ಅಂಗಡಿಯವ್ರು ಹಚ್ಚೋ ಗಿಟಾರಿನ್ಯಾಗ ಎಲ್ಲಾ ಸ್ಪೀಕರೂ ಶಾಣ್ಯಾ ಅನಸ್ತಾವ. ಎರಡು ಜೋಡಿ ಹೋಲಿಸುವಾಗ ಎರಡರದ್ದೂ ಸೌಂಡ್ ಸಮ ಐತೋ ಇಲ್ಲೋ ನೋಡ್ರಿ, ಫೋನಿನ ಡೆಸಿಬಲ್ ಆ್ಯಪ್ ಇದ್ರೂ ನಡೀತೈತಿ, ಒಂದು ಡೆಸಿಬಲ್ ಜೋರಿದ್ದದ್ದು ಸುಮ್ಮನ ಚಲೋ ಅನಸ್ತೈತಿ, ಸೇಲ್ಸ್‌ಮನ್ನಿಗೆ ಈ ಗುಟ್ಟು ಗೊತ್ತಿರ್ತೈತಿ. ಮನ್ಯಾಗ ಎಷ್ಟು ಸಣ್ಣಗ ಕೇಳ್ತೀರಿ ಅಷ್ಟ ಸಣ್ಣಗ ಹಚ್ಚಸ್ರಿ.

ಏನು ಕೇಳಬೇಕು? ಮೊದಲ ಅಬ್ದುಲ್ ಕರೀಂ ಖಾನ್ ಸಾಹೇಬ್ರ ಯಾವುದರ ಹಳೇ ಗ್ರಾಮಾಫೋನ್ ತಟ್ಟಿ. 1937ರಾಗ ತೀರಿಕೊಂಡ್ರು ಅವರು, ಅಂದ್ರ ಎಲ್ಲಾ ಮೋನೋ, ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಮೋನೋ ಅಂದ್ರ ಎರಡೂ ಸ್ಪೀಕರಿಗೆ ಒಂದ ದನಿ ಹೋಗ್ತೈತಿ, ಹಂಗಾಗಿ ಖಾನ್ ಸಾಹೇಬ್ರು ಎರಡರ ನಟ್ಟನಡುವ, ಒಂದು ಮುಷ್ಟಿಯಷ್ಟು ಜಾಗದಿಂದ ಹಾಡಬೇಕು. ದನಿ ಅಗಲಾಗಿ ಹರಡಿಕೊಂಡ್ರ ಇಲ್ಲಾ ಎಲ್ಲಿಂದ ಬರ್ತೈತಿ ಅಂತ ತಿಳೀಲಾರದಂಗ ಆದ್ರ ಜೋಡಿ ಸರಿ ಹೊಂದಿಲ್ಲ, ಇಲ್ಲಾ ಒಂದರ ಕೆಂಪು ಕರಿ ವಾಯರ್ ಅದಲು ಬದಲು ಆಗ್ಯಾವ. ಮನಿಗೆ ತಂದ ಮ್ಯಾಲೂ ಮೊದಲ ಇದನ್ನ ಹಚ್ಚಿ ನೋಡ್ರಿ.

ಆಮ್ಯಾಲ ಗಂಗೂಬಾಯಿ ಹಾನಗಲ್ಲರು. ಗಂಟಲಿನ ಆಪರೇಷನ್ ಆದ ಮ್ಯಾಲ ಅವರ ದನಿ ಗಂಡಸರ ಸ್ವರದ ಮಟ್ಟಕ್ಕ ಇಳದಿತ್ತು, ಆದ್ರ ಅದು ಗಂಡಸರ ದನಿ ಅಲ್ಲ. ಚಲೋ ಸ್ಪೀಕರಿನ್ಯಾಗ ಆ ತಾಯಿಯ ಎದಿಯೊಳಗಿನ ಭಾರ ಕೇಳ್ತೈತಿ, ಅದರ ಮ್ಯಾಲ ಒಂದು ಒರಟು ಅಂಚು ಇರ್ತೈತಿ, ಎರಡೂ ಕೂಡೇ. ಬೇಸ್ ಉಬ್ಬಿದ ಸ್ಪೀಕರಿನ್ಯಾಗ ಬರೇ ಭಾರ, ಟ್ವೀಟರ್ ಚೂಪಿರೋದ್ರಾಗ ಬರೇ ಒರಟು. ಮಧ್ಯದ ಸುರ ಸರಿ ಇದ್ದದ್ದು ಇದೊಂದ್ರಾಗ ಗೊತ್ತಾಗಿಬಿಡ್ತೈತಿ, ನಾನು ಯಾರಿಗೂ ಇದಕ್ಕಿಂತ ಚಲೋ ಪರೀಕ್ಷಾ ಹೇಳಂಗಿಲ್ಲ.

ಮೂರನೇದು ವಿಲಂಬಿತ, ಅಂದ್ರ ಸಾವಕಾಶ ನಡಿಯೋ ಏಕತಾಲ, ಯಾರ ಖ್ಯಾಲ್ ಆದ್ರೂ ನಡೀತೈತಿ. ಧಿನ್ ಧಿನ್ ಧಾಗೆ ತಿರಕಿಟ ತೂ ನಾ ಅಂತ ಹೊಂಟಾಗ ಆ ತಿರಕಿಟದ ನಾಕು ಪೆಟ್ಟು ಬಿಡಿಬಿಡಿಯಾಗಿ ಎಣಿಸಾಕ ಬರಬೇಕು, ಸಣ್ಣ ಸೌಂಡಿನ್ಯಾಗೂ, ಗವಾಯಿ ಮ್ಯಾಲ ಹಾಡ್ಲಿಕತ್ತಾಗೂ. ಧಾ ಬಿದ್ದಾಗ ಡಗ್ಗಾದ ಸುರ ಜಾರೋದು ಕೇಳಬೇಕು, ಬರೇ ಧಮ್ ಅನ್ನಬಾರದು. ಆಲಾಪ ಶುರುವಾಗೋಕಿಂತ ಮೊದಲ ತಂಬೂರಿ ಮಾತ್ರ ನುಡೀತಿರ್ತಾವಲ್ಲ, ಅಲ್ಲಿ ತಂಬೂರಿ ಎರಡು ಅದಾವು ಅಂತ ಕಣ್ಣು ಮುಚ್ಚಿದ್ರೂ ತಿಳಿದ್ರ ಆ ಜೋಡಿ ಕಟ್ಟಸ್ಕೊಂಡು ಬರ್ರಿ. ಕಛೇರ್ಯಾಗ ಕೇಳಿದ್ದಕ್ಕ ಹೋಲಸಬ್ಯಾಡ್ರಿ, ಜಂಬಲದಿನ್ನಿ ರಂಗಮಂದಿರದಾಗ ಆದ್ರೂ ನೀವು ಕೇಳೋದು ಮೈಕಿನ ದನಿನ. ಯಾರದರ ಮನ್ಯಾಗ, ಮಠದಾಗ ಮೈಕ್ ಇಲ್ಲದ ತಂಬೂರಿ ಹತ್ರ ಒಂದು ತಾಸು ಕೂತು ಬಂದ್ರ ಕಿವಿಗೆ ಅಳತಿ ಸಿಗ್ತೈತಿ.

ಆಂಪ್ಲಿಫೈಯರಿಗೆ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಸ್ಪೀಕರಿನ ಸೆನ್ಸಿಟಿವಿಟಿ 86 ಡೆಸಿಬಲ್ ಇದ್ರ ಒಂದ ಒಂದು ವ್ಯಾಟಿಗೆ ಒಂದು ಮೀಟರಿನ್ಯಾಗ 86 ಡೆಸಿಬಲ್ ಬರ್ತೈತಿ, 10 ವ್ಯಾಟಿಗೆ 96. ಆರಡಿ ದೂರ ಕೂತ ಮನಷ್ಯಾಗ ಅದು ಜಾಸ್ತಿನ ಆತು. ತಬಲಾದ ಪೆಟ್ಟಿಗೆ ಒಂದೀಟು ಮೀಸಲು ಇರಲಿ ಅಂತ 30-50 ವ್ಯಾಟಿನ ಆಂಪ್ ತಗೋರಿ, 8 ಓಮ್ ಲೆಕ್ಕದಾಗ, ಆರ್‌ಎಂಎಸ್, ಅಂದ್ರ ಸತತ ಕೊಡೋ ವ್ಯಾಟು. ವಾಯರ್ ಎಲೆಕ್ಟ್ರಿಕಲ್ ಅಂಗಡ್ಯಾಗಿನ ಒಂದೂವರಿ ಸ್ಕ್ವೇರ್ ಎಂಎಂ ತಾಮ್ರದ್ದು ಸಾಕು, ಖೋಲ್ಯಾಗ ಹತ್ತು ಹದಿನೈದು ಅಡಿಗೆ ಸಾವಿರಾರು ರೂಪಾಯಿ ವಾಯರ್ ಯಾಕ್ರಿ. ಲೌಡ್‌ನೆಸ್ ಬಟನ್ ಇದ್ದ ಆಂಪ್ ಸಿಕ್ರ ಚಲೋ. ಸಣ್ಣಗ ಕೇಳಿದಾಗ ಕಿವಿಗೆ ಬೇಸ್ ಕಡಿಮಿ ಕೇಳ್ತೈತಿ, 1933ರಾಗ ಫ್ಲೆಚರ್ ಮತ್ತ ಮನ್ಸನ್ ಅನ್ನೋರು ಅಳದು ತೋರಿಸ್ಯಾರ, ಫ್ಲ್ಯಾಟಿನ್ಯಾಗ ರಾತ್ರಿ ಕೇಳೋರಿಗೆ ಡಗ್ಗಾ ಮಾಯ ಆಗೋದು ಅದಕ್ಕ. ಆ ಬಟನ್ ಅಷ್ಟು ಬೇಸ್ ತಿರುಗಿ ಕೊಡ್ತೈತಿ.

ಸ್ಟ್ಯಾಂಡ್ ಅಂಗಡ್ಯಾಗ ತರಬ್ಯಾಡ್ರಿ, ವೆಲ್ಡಿಂಗ್ ಅಂಗಡ್ಯಾಗ ಮಾಡಸ್ರಿ. ಎರಡೂವರಿ ಇಂಚಿನ ಚೌಕ ಪೈಪು, ಕೆಳಗ ಮ್ಯಾಲ ತಗಡಿನ ಪ್ಲೇಟು, ಪೈಪಿನ ಒಳಗ ಹೊಳಿ ಉಸುಕು. ಉಸುಕನ್ನ ಜರಡಿ ಹಿಡದು ಬಿಸಲಾಗ ಪೂರಾ ಒಣಗಿಸಿ ತುಂಬ್ರಿ, ಹಸಿ ಇದ್ರ ಒಳಗಿಂದ ತುಕ್ಕು ಹಿಡೀತೈತಿ. ಖಾಲಿ ಪೈಪು ಬೆರಳಿಲೆ ಬಡದ್ರ ಟಣ್ ಅಂತೈತಿ, ತುಂಬಿದ್ದು ಟಪ್ ಅಂತೈತಿ, ಅಷ್ಟಾತಂದ್ರ ಕೆಲಸ ಮುಗೀತು. ಬುಡಕ್ಕ ಗ್ರಾನೈಟ್ ತುಂಡು, ಇಲಕಲ್ಲು ಕುಷ್ಟಗಿ ಕಡೆ ಪಾಲಿಶ್ ಯೂನಿಟ್ಟಿನ್ಯಾಗ ಉಳಕಿ ಬಿದ್ದಿರ್ತಾವ. ಎತ್ತರ ಮಾತ್ರ ಯೋಚನಿ ಮಾಡ್ರಿ, ಟ್ವೀಟರ್ ಕಿವಿ ಮಟ್ಟಕ್ಕ ಬರಬೇಕು. ಕುರ್ಚಿ ಮ್ಯಾಲ ಕೂತ್ರ ಕಿವಿ ನೆಲದಿಂದ ಮೂರಡಿ ಮ್ಯಾಲ, ಕೆಳಗ ಗಾದಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂತ್ರ ಎರಡೂವರಿ ಅಡಿ. ಕಂಪನಿ ಸ್ಟ್ಯಾಂಡು ಬಹಳಷ್ಟು 24 ಇಂಚಿನವು, ಅವು ಕುರ್ಚಿಯವ್ರಿಗೆ. ಗಾದಿ ಮ್ಯಾಲ ಕೂಡೋರು 18 ಇಂಚು ಮಾಡಸ್ರಿ.

ನಮ್ಮ ಕಡೆಯ ಬಿಸಲು ಧೂಳು ಎರಡೂ ಸ್ಪೀಕರಿಗೆ ಆಗಿಬರಂಗಿಲ್ಲ. ಕೋನಿನ ಸುತ್ತ ಇರೋ ಅಂಚು ರಬ್ಬರಿಂದ ಇರಲಿ, ಫೋಮಿಂದು ಕೆಲವು ವರ್ಷಕ್ಕ ಪುಡಿಪುಡಿ ಆಗಿ ಉದುರ್ತೈತಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮೊದಲ ಅದನ್ನ ಬೆರಳಿಲೆ ಮುಟ್ಟಿ ನೋಡ್ರಿ, ಆಮ್ಯಾಲ ಕೋನನ್ನ ಎರಡೂ ಬದಿಗೆ ಸಮ ಒತ್ತಿ ಒಳಗ ಗರಗರ ಅಂತೈತೇನು ಕೇಳ್ರಿ, ಅಂದ್ರ ಬಿಟ್ಟು ಬಿಡ್ರಿ. ಪಶ್ಚಿಮದ ಕಿಡಕಿ ಬಿಸಲು ಪೆಟ್ಟಿಗಿ ಮ್ಯಾಲ ಬೀಳಬಾರದು. ಬಳ್ಳಾರಿ ಸಂಡೂರಿನ ಕೆಂಪು ಧೂಳಿಗೆ, ಶಕ್ತಿನಗರದ ಕರೆಂಟ್ ಸ್ಥಾವರದ ಕಡೆ ಹಾರೋ ಬೂದಿಗೆ ಮುಂದಿನ ಬಟ್ಟಿ ಜಾಳಗಿ ತಗೀಲೇಬ್ಯಾಡ್ರಿ, ಎಷ್ಟ ಚಂದ ಕಂಡ್ರೂ. ಏಪ್ರಿಲ್ ಮೇದಾಗ ಮಧ್ಯಾಹ್ನ ಕೂಲರ್ ಹಚ್ಚಿ ಆಲಾಪ ಕೇಳೋದು ಆಗದ ಮಾತು, ಅದರ ಭರ್ರ್ ಅನ್ನೋದು ಮೊದಲ ತಂಬೂರಿ ನುಂಗ್ತೈತಿ, ಮಧ್ಯಾಹ್ನದ ರಾಗ ಭೀಮಪಲಾಸಿನ ಹೊತ್ತು ತಪ್ಪಿದ್ರೂ ರಾತ್ರಿ ಬಾಗೇಶ್ರೀ ರಾಗ ಕೇಳ್ರಿ. ಕರೆಂಟ್ ಹೋದಾಗ ಇನ್ವರ್ಟರ್ ಮ್ಯಾಲ ಆಂಪ್ ಗುರ್ ಅಂದ್ರ ಅದು ಸ್ಕ್ವೇರ್ ವೇವ್ ಇರಬೇಕು, ಪ್ಯೂರ್ ಸೈನ್ ವೇವ್ ತಗೋರಿ. ಕರೆಂಟ್ ಇದ್ದಾಗೂ ಗುರ್ ಅಂದ್ರ ಪ್ಲಗ್ಗಿನ ಅರ್ಥಿಂಗ್ ನೋಡಸ್ರಿ.

ಇನ್ನ ಬಾಜೂ ಮನಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನ ವಸತಿ ಪ್ರದೇಶಕ್ಕ 45 ಡೆಸಿಬಲ್, ಹಗಲ 55 ಅಂತ 2000ದ ಶಬ್ದ ಮಾಲಿನ್ಯ ನಿಯಮದಾಗ ಐತಿ. ಮ್ಯಾಲಿನ ಸುರ ಗ್ವಾಡ್ಯಾಗ ನಿಲ್ತಾವ, ಬೇಸ್ ನಿಲ್ಲಂಗಿಲ್ಲ, ಸ್ಲ್ಯಾಬ್ ಹಿಡಕೊಂಡು ಕೆಳಗಿನ ಫ್ಲ್ಯಾಟಿಗೆ ಇಳೀತೈತಿ, ಸಬ್‌ವೂಫರ್ ಬ್ಯಾಡ ಅಂದದ್ದಕ್ಕ ಇದೂ ಒಂದು ಕಾರಣ. ಸ್ಟ್ಯಾಂಡಿನ ಕಲ್ಲಿನ ಕೆಳಗ ದಪ್ಪ ರಬ್ಬರ್ ಮ್ಯಾಟಿನ ತುಂಡು ಹಾಕ್ರಿ. ಬೆಳಿಗ್ಗೆ ಭೈರವ ರಾಗ ಕೇಳೋ ಚಟ ಇದ್ದವ್ರು ಒಂದ್ಸಲ ದ್ರುತ್ ತೀನತಾಲ ಹಚ್ಚಿಟ್ಟು ಕೆಳಗಿನ ಮನಿಗೆ ಚಾ ಕುಡಿಯಾಕ ಹೋಗಿ ಕೂಡ್ರಿ, ಫೋನಿನ್ಯಾಗ ಮನಿಯವ್ರಿಗೆ ವಾಲ್ಯೂಮ್ ಸಣ್ಣದು ಮಾಡ್ರಿ ಅಂತ ಹೇಳಿಕೊಂತ, ಡಗ್ಗಾ ಕೇಳೋದು ನಿಂತಲ್ಲಿ ನಾಬಿನ ಮ್ಯಾಲ ನೇಲ್ ಪಾಲಿಶಿನ ಒಂದು ಚುಕ್ಕಿ ಇಡಸ್ರಿ.